ನೆರೆಗೆ ಕಟ್ಟೆ ಕಟ್ಟಿದ ಆರ್ಥರ್ ಮಾರ್ಗನ್

ಕನ್ನಡ ನಾಡಿನಲ್ಲಿ ಕೆರೆಯಿಲ್ಲದ ಊರುಗಳು ವಿರಳ. ನೀರನ್ನು ತಡೆಯಲು ಮಣ್ಣಿನ ಏರಿ, ಗದ್ದೆಗೆ ನೀರು ಬಿಡಲು ತೂಬು, ಮಿಗಿಲಾದ ನೀರು ಹರಿದುಹೋಗಲು ಕೋಡಿ. ಈ ಮೂರು ಸೇರಿದರೆ ಕೆರೆಯಾಯಿತು. ಕೆರೆ ತುಂಬಿ ಕೋಡಿ ಬಿದ್ದ ದಿನ ಊರಿಗೆಲ್ಲ ಸಂತೋಷ. ಕೆರೆ ಬತ್ತಿದ ವರ್ಷ ಊರಿಗೆಲ್ಲ ಚಿಂತೆ. ಆದರೆ ಏರಿ, ತೂಬು, ಕೋಡಿ ಮೂರೂ ಇದ್ದು, ವರ್ಷದ ಬಹುಕಾಲ ಬರಿದಾಗಿಯೇ ಇರಬೇಕಾದ ಕಟ್ಟೆಗಳೂ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೋ ರಾಜ್ಯದಲ್ಲಿ, ಗ್ರೇಟ್ ಮಯಾಮಿ ನದಿಯ ಕಣಿವೆಯಲ್ಲಿ ಅಂತಹ ಐದು ಮಣ್ಣಿನ ಕಟ್ಟೆಗಳಿವೆ. ಅವುಗಳ ಹಿಂದೆ ಜಲಾಶಯವಿಲ್ಲ. ಹೊಲಗಳೂ ಹುಲ್ಲುಗಾವಲುಗಳೂ ಕಾಡೂ ಇವೆ. ಮಹಾಮಳೆ ಸುರಿದಾಗ ಮಾತ್ರ ಅಲ್ಲಿ ನೀರು ನಿಲ್ಲುತ್ತದೆ. ಕೆಲವು ದಿನಗಳಲ್ಲಿ ತಾನಾಗಿಯೇ ಹರಿದುಹೋಗುತ್ತದೆ. ನೀರನ್ನು ಕೂಡಿಡುವ ಉದ್ದೇಶವಿಲ್ಲದೆ, ನೆರೆಯ ಹಾವಳಿಯನ್ನು ತಡೆಯುವುದಕ್ಕಾಗಿಯೇ ಎದ್ದುನಿಂತ ಈ ಕಟ್ಟೆಗಳ ನಿರ್ಮಾತೃ ಆರ್ಥರ್ ಅರ್ನೆಸ್ಟ್ ಮಾರ್ಗನ್.

ಮಾರ್ಗನ್ನರು 1878ನೆಯ ಇಸವಿ ಜೂನ್ 20ರಂದು ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಜನಿಸಿದರು. ಅವರು ಬೆಳೆದದ್ದು ಮಿನೆಸೋಟ ರಾಜ್ಯದ ಸೇಂಟ್ ಕ್ಲೌಡ್ ಎಂಬ ಊರಿನಲ್ಲಿ. ಮಿಸಿಸಿಪಿ ಮಹಾನದಿ ತನ್ನ ಎಳವೆಯಲ್ಲಿ ಆ ಊರಿನ ಪಕ್ಕದಲ್ಲಿಯೇ ಹರಿಯುತ್ತದೆ. ತಂದೆ ಸ್ವಂತ ಪರಿಶ್ರಮದಿಂದ ಭೂಮಾಪನ ವಿದ್ಯೆಯನ್ನು ಕಲಿತವರು. ತಾಯಿ ಧರ್ಮನಿಷ್ಠೆಯುಳ್ಳ ಗೃಹಿಣಿ. ಬಾಲಕ ಆರ್ಥರನಿಗೆ ದೇಹಬಲವೂ ಕಡಿಮೆ, ಕಣ್ಣಿನ ದೃಷ್ಟಿಯೂ ದುರ್ಬಲ. ಆದರೂ ಓದುವ ಹಂಬಲಕ್ಕೆ ಅದು ಅಡ್ಡಿಯಾಗಲಿಲ್ಲ. ಪ್ರೌಢಶಾಲೆಯ ವಿದ್ಯಾಭ್ಯಾಸ ಮುಗಿದ ಮೇಲೆ ಆ ತರುಣನು ಅಲ್ಪಸ್ವಲ್ಪ ಹಣವನ್ನು ಕೈಯಲ್ಲಿ ಹಿಡಿದು ಮನೆ ಬಿಟ್ಟು ಹೊರಟನು. ಕೊಲರಾಡೊ ಪ್ರಾಂತದವರೆಗೂ ಅಲೆದು, ಸಿಕ್ಕಿದ ಕೂಲಿಕೆಲಸವನ್ನು ಮಾಡುತ್ತ ಬದುಕಿನ ಕಷ್ಟಸುಖಗಳನ್ನು ಕಂಡುಕೊಂಡನು. ವಿಶ್ವವಿದ್ಯಾನಿಲಯದ ಪದವಿ ಪಡೆಯುವ ಭಾಗ್ಯ ಅವನಿಗೆ ಒದಗಲಿಲ್ಲ. ಮುಂದೆ ಜಗತ್ತಿನ ಹೆಸರಾಂತ ಎಂಜಿನಿಯರುಗಳಲ್ಲಿ ಒಬ್ಬರೆನಿಸಿದ ವ್ಯಕ್ತಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತವರಲ್ಲ ಎಂಬುದು ಗಮನಾರ್ಹವಾದ ಸಂಗತಿ.

ಸುಮಾರು ಇಪ್ಪತ್ತೆರಡರ ವಯಸ್ಸಿನಲ್ಲಿ ಅವರು ಊರಿಗೆ ಮರಳಿ ತಂದೆಯ ಜೊತೆಯಲ್ಲಿ ಭೂಮಾಪನದ ಕೆಲಸಕ್ಕೆ ತೊಡಗಿದರು. ಆ ಕಾಲದಲ್ಲಿ ಮಿನೆಸೋಟದ ಜೌಗು ಭೂಮಿಯನ್ನು ಸಾಗುವಳಿಗೆ ತರಲು ಎಲ್ಲೆಂದರಲ್ಲಿ ಕಾಲುವೆಗಳನ್ನು ತೋಡುತ್ತಿದ್ದರು. ಎಷ್ಟು ಮಳೆ ಬೀಳುತ್ತದೆ, ಅದರಲ್ಲಿ ಎಷ್ಟು ನೀರು ಕಾಲುವೆಗೆ ಬರುತ್ತದೆ ಎಂಬ ಲೆಕ್ಕವನ್ನು ಯಾರೂ ಸರಿಯಾಗಿ ಹಾಕುತ್ತಿರಲಿಲ್ಲ. ಆದ್ದರಿಂದ ಅನೇಕ ಕಾಲುವೆಗಳು ಹಣವನ್ನು ನುಂಗಿ ನಿಷ್ಪ್ರಯೋಜಕವಾದವು. ಇದನ್ನು ಕಂಡ ಮಾರ್ಗನ್ನರು ಜಲಶಾಸ್ತ್ರದ ಗ್ರಂಥಗಳನ್ನು ತಾವೇ ಓದಿ ಅರಗಿಸಿಕೊಂಡರು. ಜೌಗು ನೀರನ್ನು ಬಸಿಯುವ ಕಾರ್ಯಕ್ಕೆ ಕ್ರಮಬದ್ಧವಾದ ಕಾನೂನೊಂದು ಬೇಕೆಂದು ವಾದಿಸಿ, ಅದರ ಕರಡನ್ನು ಸಿದ್ಧಪಡಿಸುವುದರಲ್ಲಿಯೂ ಕೈಜೋಡಿಸಿದರು. 1907ರಲ್ಲಿ ಕೇಂದ್ರ ಸರ್ಕಾರದ ಕೃಷಿ ಇಲಾಖೆಯನ್ನು ಸೇರಿದರು. ಕೆಲವು ವರ್ಷಗಳ ತರುವಾಯ ಮೆಂಫಿಸ್ ನಗರದಲ್ಲಿ ತಮ್ಮದೇ ಆದ ಎಂಜಿನಿಯರಿಂಗ್ ಸಂಸ್ಥೆಯನ್ನು ಸ್ಥಾಪಿಸಿದರು. ಅಳೆಯದೆ ಅಗೆಯಬಾರದು, ತಿಳಿಯದೆ ಕಟ್ಟಬಾರದು ಎಂಬುದು ಅಷ್ಟು ಹೊತ್ತಿಗೆ ಅವರ ಸ್ವಭಾವವೇ ಆಗಿಹೋಗಿತ್ತು.

ಅವರ ಜೀವನದ ಮಹತ್ಕಾರ್ಯಕ್ಕೆ ಕಾರಣವಾದದ್ದು ಒಂದು ಮಹಾವಿಪತ್ತು. ವಿಮಾನವನ್ನು ನಿರ್ಮಿಸಿದ ರೈಟ್ ಸಹೋದರರ ಊರಾದ ಡೇಟನ್ ನಗರವು ನಾಲ್ಕು ಹೊಳೆಗಳು ಕೂಡುವ ತಗ್ಗಿನಲ್ಲಿದೆ. ಗ್ರೇಟ್ ಮಯಾಮಿ, ಸ್ಟಿಲ್‌ವಾಟರ್, ಮ್ಯಾಡ್ ಮತ್ತು ವುಲ್ಫ್ ಕ್ರೀಕ್ ಎಂಬ ಹೊಳೆಗಳು ಅಲ್ಲಿ ಸಂಗಮಿಸುತ್ತವೆ. 1913ರ ಮಾರ್ಚ್ 23, ಈಸ್ಟರ್ ಹಬ್ಬದ ಭಾನುವಾರ, ಮಳೆ ಆರಂಭವಾಯಿತು. ಮೊದಲೇ ನೆನೆದಿದ್ದ ಭೂಮಿ ನೀರನ್ನು ಹೀರಲಾರದೆ ಹೋಯಿತು. ಕೆಲವೇ ದಿನಗಳಲ್ಲಿ ಕಣಿವೆಯ ಮೇಲೆ 20ರಿಂದ 28 ಸೆಂಟಿಮೀಟರಿನಷ್ಟು ಮಳೆ ಸುರಿಯಿತು. ಮಂಗಳವಾರ ಬೆಳಗ್ಗೆ ನದಿಯ ದಡದ ಒಡ್ಡುಗಳು ಒಡೆದು, ನೀರು ನಗರದೊಳಕ್ಕೆ ನುಗ್ಗಿತು. ಪೇಟೆಯ ಬೀದಿಗಳಲ್ಲಿ ಕೆಲವೆಡೆ ನೀರು 6 ಮೀಟರ್ ಆಳಕ್ಕೆ ಏರಿತು. ಜನರು ಮನೆಯ ಅಟ್ಟಗಳನ್ನೂ ಮಾಡುಗಳನ್ನೂ ಹತ್ತಿ ಕುಳಿತರು. ಅನಿಲದ ಕೊಳವೆಗಳು ಒಡೆದು ಬೆಂಕಿ ಹೊತ್ತಿಕೊಂಡಿತು. ಕೆಳಗೆ ನೀರು, ಪಕ್ಕದಲ್ಲಿ ಬೆಂಕಿ, ಮೇಲೆ ಕೊರೆಯುವ ಚಳಿ. ಕಣಿವೆಯಲ್ಲಿ 360ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 10 ಕೋಟಿ ಡಾಲರಿಗೂ ಮೀರಿದ ಆಸ್ತಿ ನಷ್ಟವಾಯಿತು.

ನೀರು ಇಳಿದ ಮೇಲೆ ಬೀದಿಗಳಲ್ಲಿ ಉಳಿದದ್ದು ಕೆಸರು ಮತ್ತು ದುಃಖ. ಆದರೆ ಡೇಟನ್ನಿನ ಜನ ಕೈಕಟ್ಟಿ ಕೂರಲಿಲ್ಲ. ಇಂತಹ ವಿಪತ್ತು ಮರುಕಳಿಸದಂತೆ ಮಾಡಬೇಕೆಂದು ಅಟ್ಟದ ಮೇಲೆ ಕುಳಿತಿದ್ದಾಗ ಮಾಡಿಕೊಂಡ ಸಂಕಲ್ಪವನ್ನು ಅವರು ಮರೆಯಲಿಲ್ಲ. ಎರಡೇ ತಿಂಗಳಲ್ಲಿ ನಾಗರಿಕರು 20 ಲಕ್ಷ ಡಾಲರಿಗೂ ಹೆಚ್ಚಿನ ಹಣವನ್ನು ಕೊಡಲು ಮುಂದಾದರು. ಕಾರ್ಖಾನೆಯ ಮಾಲೀಕರು ದೊಡ್ಡ ಮೊತ್ತವನ್ನು ನೀಡಿದರೆ, ಮನೆಯ ಸಾಮಾನುಗಳನ್ನೆಲ್ಲ ಕಳೆದುಕೊಂಡ ಸಾಮಾನ್ಯರೂ ತಮ್ಮ ಪಾಲನ್ನು ಸಲ್ಲಿಸಿದರು. ಈ ಕಾರ್ಯಕ್ಕೆ ತಕ್ಕ ಎಂಜಿನಿಯರನನ್ನು ಹುಡುಕಿದಾಗ ಅವರಿಗೆ ದೊರೆತವರು ಮೂವತ್ತೈದರ ಹರೆಯದ ಆರ್ಥರ್ ಮಾರ್ಗನ್.

ನೊಂದ ಜನರಿಗೆ ಪರಿಹಾರ ಬೇಗ ಬೇಕಾಗಿತ್ತು. ನದಿಯ ಪಾತ್ರವನ್ನು ಅಗಲಮಾಡಿ, ಒಡ್ಡುಗಳನ್ನು ಎತ್ತರಿಸಿದರೆ ಸಾಕೆಂದು ಹಲವರು ಭಾವಿಸಿದ್ದರು. ಮಾರ್ಗನ್ನರು ಅವಸರದ ಉತ್ತರವನ್ನು ಕೊಡಲಿಲ್ಲ. ಮೊದಲು ಅವರು ಒಂದು ಪ್ರಶ್ನೆಯನ್ನು ಕೇಳಿಕೊಂಡರು: 1913ರ ನೆರೆಯೇ ಈ ಕಣಿವೆಗೆ ಬರಬಹುದಾದ ಅತ್ಯಂತ ದೊಡ್ಡ ನೆರೆಯೇ, ಅಥವಾ ಅದಕ್ಕಿಂತಲೂ ದೊಡ್ಡದು ಬರಬಹುದೇ? ಇದಕ್ಕೆ ಉತ್ತರ ಊಹೆಯಿಂದ ದೊರೆಯುವಂತಹುದಲ್ಲ. ಆದ್ದರಿಂದ ಅವರು ಮತ್ತು ಅವರ ಸಹಾಯಕರು ದೇಶದ ಪೂರ್ವಭಾಗದಲ್ಲೆಲ್ಲ ಬಿದ್ದ ಮಳೆಯ ದಾಖಲೆಗಳನ್ನು ಸಂಗ್ರಹಿಸಿದರು. ನೂರಕ್ಕೂ ಹೆಚ್ಚು ಮಹಾಮಳೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಅಮೆರಿಕದಲ್ಲಿ ಹಳೆಯ ದಾಖಲೆಗಳು ಕಡಿಮೆಯಾದುದರಿಂದ ಶತಮಾನಗಳ ಲೆಕ್ಕವಿರುವ ಯೂರೋಪಿನ ನದಿಗಳ ಕಡೆಗೂ ದೃಷ್ಟಿ ಹರಿಸಿದರು. 1913ರ ನೆರೆ ಬಹುಕಾಲಕ್ಕೊಮ್ಮೆ ಬರುವಂತಹುದೇ. ಆದರೂ ಅದಕ್ಕಿಂತ ದೊಡ್ಡದು ಬಾರದೆಂದು ಹೇಳಲಾಗದು ಎಂಬುದು ಈ ಪರಿಶ್ರಮದ ಫಲವಾಗಿ ಹೊರಬಿದ್ದ ನಿರ್ಣಯ. ಆದಕಾರಣ 1913ರ ನೆರೆಗಿಂತ ಸುಮಾರು ಶೇಕಡ 40ರಷ್ಟು ಅಧಿಕವಾದ ನೆರೆಯನ್ನು ತಡೆಯುವಂತೆ ಯೋಜನೆಯನ್ನು ರೂಪಿಸಬೇಕೆಂದು ಅವರು ನಿರ್ಧರಿಸಿದರು. ವೆಚ್ಚ ಹೆಚ್ಚಾಗುವುದೆಂಬುದು ಅವರಿಗೆ ತಿಳಿದಿತ್ತು. ಆದರೆ ಅರ್ಧ ರಕ್ಷಣೆ ಜನರಲ್ಲಿ ಹುಸಿ ಧೈರ್ಯವನ್ನು ತುಂಬಿ, ರಕ್ಷಣೆಯೇ ಇಲ್ಲದುದಕ್ಕಿಂತ ಅಪಾಯಕರವಾಗಬಹುದೆಂಬುದೂ ಅವರಿಗೆ ತಿಳಿದಿತ್ತು.

ಅಷ್ಟು ನೀರನ್ನು ನಗರದ ಮೂಲಕವೇ ಸಾಗಿಸಬೇಕಾದರೆ ನದಿಯ ಪಾತ್ರಕ್ಕಾಗಿ ನಗರದ ಬಹುಭಾಗವನ್ನೇ ಕೆಡವಬೇಕಾಗಿತ್ತು. ಆದ್ದರಿಂದ ಮಾರ್ಗನ್ನರು ಬೇರೊಂದು ಹಾದಿಯನ್ನು ಹಿಡಿದರು. ನಗರದ ಮೇಲ್ಭಾಗದಲ್ಲಿ, ಹೊಳೆಗಳಿಗೆ ಅಡ್ಡಲಾಗಿ ಮಣ್ಣಿನ ಕಟ್ಟೆಗಳನ್ನು ಕಟ್ಟುವುದು. ಪ್ರತಿಯೊಂದರ ಬುಡದಲ್ಲಿಯೂ ಕಾಂಕ್ರೀಟಿನ ದೊಡ್ಡ ತೂಬುಗಳನ್ನಿಟ್ಟು ಅವುಗಳನ್ನು ಸದಾ ತೆರೆದೇ ಬಿಡುವುದು. ಇದು ಅವರ ಯೋಜನೆಯ ತಿರುಳು. ಸಾಮಾನ್ಯ ದಿನಗಳಲ್ಲಿ ಹೊಳೆ ತೂಬಿನ ಮೂಲಕ ತಡೆಯಿಲ್ಲದೆ ಹರಿಯುತ್ತದೆ. ಮಹಾಮಳೆ ಬಂದಾಗ ತೂಬಿನಲ್ಲಿ ಹಿಡಿಯುವಷ್ಟು ನೀರು ಮಾತ್ರ ಮುಂದೆ ಹೋಗುತ್ತದೆ. ಉಳಿದುದು ಕಟ್ಟೆಯ ಹಿಂದೆ ನಿಲ್ಲುತ್ತದೆ. ತಳದಲ್ಲಿ ಸಣ್ಣ ತೂತಿರುವ ಕೊಡಕ್ಕೆ ಒಮ್ಮೆಲೇ ಬಿಂದಿಗೆಗಟ್ಟಲೆ ನೀರು ಸುರಿದರೂ ಕೆಳಗೆ ಬೀಳುವುದು ತೂತಿನಷ್ಟೇ ದಪ್ಪನಾದ ಧಾರೆ. ಹಾಗೆಯೇ ಕೆಳಗಿನ ನದಿಯ ಪಾತ್ರ ತಾಳಬಲ್ಲಷ್ಟೇ ನೀರು ನಗರದ ಕಡೆಗೆ ಬರುವಂತೆ ತೂಬಿನ ಅಳತೆಯನ್ನು ಗೊತ್ತುಮಾಡಲಾಯಿತು. ನೆರೆಯನ್ನು ಹೀಗೆ ತಡೆದು ನಿಧಾನವಾಗಿ ಬಿಡುವ ಉಪಾಯ ಹೊಸದೇನೂ ಅಲ್ಲ. ಫ್ರಾನ್ಸಿನ ಲ್ವಾರ್ ನದಿಯಲ್ಲಿ ಹದಿನೆಂಟನೆಯ ಶತಮಾನದ ಆದಿಯಲ್ಲಿಯೇ ಅಂತಹ ಒಂದು ಕಟ್ಟೆಯನ್ನು ಕಟ್ಟಿದ್ದರು. ಆದರೆ ಇಡೀ ಕಣಿವೆಯ ರಕ್ಷಣೆಗೆ ಇಷ್ಟು ವಿಸ್ತಾರವಾಗಿ ಈ ತತ್ತ್ವವನ್ನು ಅಳವಡಿಸಿದ್ದು ಆ ದೇಶಕ್ಕೆ ಹೊಸದಾಗಿತ್ತು.

ಮಣ್ಣಿನ ಕಟ್ಟೆ ಎಂದೊಡನೆ ಅನೇಕರ ಎದೆ ನಡುಗಿತು. ಅದಕ್ಕೆ ಕಾರಣವೂ ಇತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, 1889ರ ಮೇ 31ರಂದು, ಪೆನ್ಸಿಲ್ವೇನಿಯ ರಾಜ್ಯದ ಸೌತ್ ಫೋರ್ಕ್ ಎಂಬಲ್ಲಿನ ಮಣ್ಣಿನ ಕಟ್ಟೆ ಒಡೆದು ಜಾನ್ಸ್‌ಟೌನ್ ಪಟ್ಟಣದಲ್ಲಿ 2,209 ಜನ ಅಸುನೀಗಿದ್ದರು. ಆ ಕಟ್ಟೆಯ ತಳದ ಕೊಳವೆಗಳನ್ನು ಹಿಂದೆಯೇ ಕಿತ್ತುಹಾಕಿದ್ದರು. ಏರಿಯ ನೆತ್ತಿಯನ್ನು ತಗ್ಗಿಸಿದ್ದರು. ಮೀನುಗಳು ಹೊರಹೋಗದಂತೆ ಕೋಡಿಗೆ ಜಾಲರಿಯನ್ನು ಕಟ್ಟಿದ್ದರು. ಮಹಾಮಳೆಯ ದಿನ ನೀರಿಗೆ ಹೋಗಲು ದಾರಿ ಸಾಲದೆ, ಅದು ಏರಿಯ ಮೇಲೆಯೇ ಹರಿದು ಏರಿಯನ್ನು ಕೊಚ್ಚಿಹಾಕಿತು. ತಮ್ಮ ನೆತ್ತಿಯ ಮೇಲೆಯೂ ಅಂತಹ ಐದು ಕಟ್ಟೆಗಳು ಬರುವುವಲ್ಲ ಎಂದು ಜನ ಅಂಜಿದ್ದು ಸಹಜವೇ ಆಗಿತ್ತು.

ಈ ಅಂಜಿಕೆಯನ್ನು ಮಾರ್ಗನ್ನರು ಅಲ್ಲಗಳೆಯಲಿಲ್ಲ. ಅದಕ್ಕೆ ಕೆಲಸದಿಂದಲೇ ಉತ್ತರ ಕೊಡಲು ಬಯಸಿದರು. ಮಣ್ಣಿನ ಕಟ್ಟೆಗೆ ಮುಖ್ಯವಾಗಿ ಮೂರು ಬಗೆಯ ಶತ್ರುಗಳು. ಮೊದಲನೆಯದು, ಏರಿಯ ನೆತ್ತಿಯ ಮೇಲೆ ನೀರು ಹರಿಯುವುದು. ಇದನ್ನು ತಡೆಯಲು ಅವರು ಪ್ರತಿಯೊಂದು ಕಟ್ಟೆಗೂ ಕಾಂಕ್ರೀಟಿನ ಕೋಡಿಯನ್ನಿಟ್ಟರು. ಕಣಿವೆಗೆ ಬರಬಹುದೆಂದು ಲೆಕ್ಕ ಹಾಕಿದ ಮಹಾನೆರೆಗಿಂತಲೂ ದೊಡ್ಡದು ಬಂದರೂ ನೀರು ಕೋಡಿಯ ಮೂಲಕ ಹೋಗಬೇಕೇ ಹೊರತು ಏರಿಯ ನೆತ್ತಿಯನ್ನು ಮುಟ್ಟಬಾರದು. ಎರಡನೆಯದು, ನೀರು ಏರಿಯ ಒಳಗೆ ಅಥವಾ ಅಡಿಯಲ್ಲಿ ಜಿನುಗಿ, ಮಣ್ಣನ್ನು ಕಣಕಣವಾಗಿ ಹೊತ್ತೊಯ್ದು ಒಳಗೊಳಗೇ ಟೊಳ್ಳು ಮಾಡುವುದು. ಇದಕ್ಕಾಗಿ ಏರಿಯ ನಡುವೆ ನೀರು ಸುಲಭವಾಗಿ ಹಾಯದ ನಯವಾದ ಜೇಡಿಯ ಗರ್ಭವೂ ಎರಡು ಬದಿಗಳಲ್ಲಿ ಮರಳು ಜಲ್ಲಿಗಳ ಭಾರವೂ ಇರುವಂತೆ ಏರ್ಪಡಿಸಿದರು. ಮೂರನೆಯದು, ಏರಿಯ ಇಳಿಜಾರು ತನ್ನ ಭಾರಕ್ಕೆ ತಾನೇ ಜಾರಿ ಕುಸಿಯುವುದು. ಇದಕ್ಕಾಗಿ ಬುಡವನ್ನು ಬಹಳ ಅಗಲವಾಗಿಯೂ ಇಳಿಜಾರನ್ನು ಮಂದವಾಗಿಯೂ ಇರಿಸಿದರು. ತಮ್ಮ ಲೆಕ್ಕವೇ ಸರಿಯೆಂದು ನೆಚ್ಚಿ ಕೂರದೆ, ಅನುಭವಿಗಳಾದ ಇತರ ಎಂಜಿನಿಯರುಗಳ ಮಂಡಲಿಯ ಮುಂದೆ ಯೋಜನೆಯನ್ನಿಟ್ಟು ಪರೀಕ್ಷೆಗೆ ಒಳಪಡಿಸಿದರು.

ಇಷ್ಟರಿಂದ ವಿರೋಧ ಅಡಗಲಿಲ್ಲ. ಕಟ್ಟೆಗಳು ಬರುವುದು ಮೇಲಿನ ಹಳ್ಳಿಗಳಲ್ಲಿ. ರಕ್ಷಣೆ ಸಿಗುವುದು ಕೆಳಗಿನ ನಗರಗಳಿಗೆ. ನಗರದವರ ಸುಖಕ್ಕೆ ತಮ್ಮ ಹೊಲಗಳು ಏಕೆ ಮುಳುಗಬೇಕೆಂದು ರೈತರು ಕೇಳಿದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ಹಲವು ಜಿಲ್ಲೆಗಳಿಗೆ ಸೇರಿದ ನದಿಯೊಂದನ್ನು ಒಟ್ಟಾಗಿ ನಿರ್ವಹಿಸಲು ಆಗ ಕಾನೂನೇ ಇರಲಿಲ್ಲ. 1914ರಲ್ಲಿ ಒಹಾಯೋ ಶಾಸನಸಭೆ ಇದಕ್ಕಾಗಿ ಹೊಸ ಕಾನೂನನ್ನು ಅಂಗೀಕರಿಸಿತು. ಅದರ ಮೇಲೆ ದಾವೆಗಳು ನಡೆದವು. ಕೊನೆಗೆ 1915ರ ಜೂನ್ ತಿಂಗಳಿನಲ್ಲಿ ಮಯಾಮಿ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ ನ್ಯಾಯಾಲಯದ ಆದೇಶದಂತೆ ಅಸ್ತಿತ್ವಕ್ಕೆ ಬಂದಿತು. ಯಾರಿಗೆ ಎಷ್ಟು ರಕ್ಷಣೆ ದೊರೆಯುವುದೋ ಅವರು ಅಷ್ಟು ಹಣವನ್ನು ತೆರಬೇಕು, ಯಾರ ಭೂಮಿಗೆ ನಷ್ಟವಾಗುವುದೋ ಅವರಿಗೆ ಪರಿಹಾರ ಸಲ್ಲಬೇಕು ಎಂಬುದು ಅದರ ನಿಯಮ. ಕೇಂದ್ರ ಸರ್ಕಾರದ ಧನಸಹಾಯವಿಲ್ಲದೆ, 3 ಕೋಟಿ ಡಾಲರಿಗೂ ಮೀರಿದ ವೆಚ್ಚವನ್ನು ಕಣಿವೆಯ ಜನರೇ ಹೊತ್ತರು.

1918ರಲ್ಲಿ ನಿರ್ಮಾಣ ಕಾರ್ಯ ಆರಂಭವಾಯಿತು. ಜರ್ಮನ್‌ಟೌನ್, ಇಂಗಲ್‌ವುಡ್, ಲಾಕಿಂಗ್‌ಟನ್, ಟೇಲರ್ಸ್‌ವಿಲ್ ಮತ್ತು ಹಫ್‌ಮನ್ ಎಂಬುವು ಆ ಐದು ಕಟ್ಟೆಗಳು. ಇವುಗಳಲ್ಲಿ ಉದ್ದದಲ್ಲಿ ಚಿಕ್ಕದು ಟ್ವಿನ್ ಕ್ರೀಕ್ ಎಂಬ ಹಳ್ಳಕ್ಕೆ ಅಡ್ಡಲಾಗಿರುವ ಜರ್ಮನ್‌ಟೌನ್ ಕಟ್ಟೆ. ಅದರ ಉದ್ದ ಸುಮಾರು 370 ಮೀಟರ್, ಎತ್ತರ ಸುಮಾರು 30 ಮೀಟರ್. ಸ್ಟಿಲ್‌ವಾಟರ್ ಹೊಳೆಯ ಇಂಗಲ್‌ವುಡ್ ಕಟ್ಟೆ ಸುಮಾರು 1,440 ಮೀಟರ್ ಉದ್ದ, 34 ಮೀಟರ್ ಎತ್ತರ. ಗುಡ್ಡದ ಮಣ್ಣನ್ನು ಅಗೆದು, ನೀರಿನಲ್ಲಿ ಕಲಸಿ, ಕೊಳವೆಗಳ ಮೂಲಕ ಏರಿಯ ಮೇಲಕ್ಕೆ ಪಂಪುಗಳಿಂದ ಏರಿಸುತ್ತಿದ್ದರು. ಏರಿಯ ಎರಡು ಅಂಚುಗಳಲ್ಲಿ ಆ ಕೆಸರುನೀರನ್ನು ಬಿಟ್ಟಾಗ ಜಲ್ಲಿ, ಮರಳುಗಳು ಅಂಚಿನಲ್ಲಿಯೇ ನಿಲ್ಲುತ್ತಿದ್ದವು. ನಯವಾದ ಜೇಡಿ ಮಾತ್ರ ನಡುವಿನ ಕೊಳಕ್ಕೆ ಹರಿದು ತಳದಲ್ಲಿ ನೆಲೆಗೊಳ್ಳುತ್ತಿತ್ತು. ಹೀಗೆ ಕಟ್ಟೆಯ ಗರ್ಭವೂ ಕವಚವೂ ಏಕಕಾಲದಲ್ಲಿ ಸಿದ್ಧವಾಗುತ್ತಿದ್ದವು.

ಕೆಲಸ ಆರಂಭವಾದ ಕೆಲವೇ ವಾರಗಳಲ್ಲಿ ಒಂದು ದುರ್ವಾರ್ತೆ ಬಂದಿತು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಇದೇ ವಿಧಾನದಿಂದ ನಿರ್ಮಾಣವಾಗುತ್ತಿದ್ದ ಕ್ಯಾಲವೆರಸ್ ಕಟ್ಟೆಯ ಒಂದು ಬದಿ ಜಾರಿ ಕುಸಿಯಿತು. ನಡುವಿನ ಜೇಡಿ ಗಟ್ಟಿಯಾಗದೆ ದ್ರವದಂತೆಯೇ ಉಳಿದರೆ ಅದು ಬದಿಗಳನ್ನು ಹೊರಕ್ಕೆ ತಳ್ಳುವುದೆಂಬ ಪಾಠವನ್ನು ಆ ಕುಸಿತ ಕಲಿಸಿತು. ಮಯಾಮಿ ಕಣಿವೆಯ ಎಂಜಿನಿಯರುಗಳು ಏರಿಯ ಗರ್ಭದ ಮಣ್ಣನ್ನು ಪರೀಕ್ಷಿಸುತ್ತ ಎಚ್ಚರದಿಂದ ಮುಂದುವರಿದರು. ಅತಿ ನಯವಾದ, ಗಟ್ಟಿಯಾಗಲು ಬಹುಕಾಲ ಹಿಡಿಯುವ ಜೇಡಿಯನ್ನು ನೀರಿನೊಡನೆ ಹೊರಕ್ಕೆ ಬಿಟ್ಟರು. ಐದು ಕಟ್ಟೆಗಳೂ ಸುರಕ್ಷಿತವಾಗಿ ಮೇಲೆದ್ದವು.

ಮಾರ್ಗನ್ನರ ದೃಷ್ಟಿ ಮಣ್ಣಿನ ಮೇಲೆ ಮಾತ್ರವಲ್ಲ, ಮಣ್ಣು ಹೊರುವವರ ಮೇಲೆಯೂ ಇತ್ತು. ಅಂದಿನ ದಿನಗಳಲ್ಲಿ ಇಂತಹ ಕಾಮಗಾರಿಗಳಲ್ಲಿ ಕೂಲಿಗಾರರು ಕೊಳಕು ಬಿಡಾರಗಳಲ್ಲಿ ವಾಸಿಸುತ್ತಿದ್ದರು. ಮಾರ್ಗನ್ನರು ಪ್ರತಿಯೊಂದು ಕಟ್ಟೆಯ ಬಳಿಯೂ ಅಚ್ಚುಕಟ್ಟಾದ ಸಣ್ಣ ಊರುಗಳನ್ನೇ ನಿರ್ಮಿಸಿದರು. ಸಂಸಾರವಂದಿಗರಿಗೆ ಮನೆಗಳು, ಮಕ್ಕಳಿಗೆ ಶಾಲೆ, ಶುದ್ಧವಾದ ಕುಡಿಯುವ ನೀರು ಅಲ್ಲಿದ್ದವು. ನೆಮ್ಮದಿಯಿಂದ ಬಾಳುವವನು ನಿಷ್ಠೆಯಿಂದ ದುಡಿಯುತ್ತಾನೆ, ನಿಷ್ಠೆಯಿಂದ ಕಟ್ಟಿದ ಕಟ್ಟೆ ನಿಲ್ಲುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು.

ಈ ಕಟ್ಟೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಅವುಗಳಲ್ಲಿ ಇಲ್ಲದಿರುವ ಒಂದು ವಸ್ತು. ಅವುಗಳ ತೂಬುಗಳಿಗೆ ಬಾಗಿಲುಗಳಿಲ್ಲ. ಬಾಗಿಲಿದ್ದರೆ ಅದನ್ನು ತೆರೆಯುವ, ಮುಚ್ಚುವ ಮನುಷ್ಯನಿರಬೇಕು. ಮಹಾನೆರೆ ಒಂದು ತಲೆಮಾರಿಗೊಮ್ಮೆ, ಎರಡು ತಲೆಮಾರಿಗೊಮ್ಮೆ ಬರಬಹುದು. ಅದು ನಡುರಾತ್ರಿಯಲ್ಲಿಯೂ ಬರಬಹುದು. ಆ ಹೊತ್ತಿನಲ್ಲಿ ಕಾವಲುಗಾರ ನಿದ್ರಿಸಿದ್ದರೆ, ಯಂತ್ರ ತುಕ್ಕು ಹಿಡಿದಿದ್ದರೆ, ಯಾವಾಗ ಎಷ್ಟು ತೆರೆಯಬೇಕೆಂಬ ನಿರ್ಧಾರ ತಪ್ಪಿದರೆ ನಗರದ ಗತಿಯೇನು? ಆದ್ದರಿಂದ ಮನುಷ್ಯನ ಎಚ್ಚರವನ್ನು ನೆಚ್ಚಿಕೊಳ್ಳದೆ, ನೀರಿನ ನಿಯಮವನ್ನೇ ನೆಚ್ಚಿಕೊಂಡು ಕೆಲಸ ಮಾಡುವ ಕಟ್ಟೆಗಳನ್ನು ಅವರು ಕಟ್ಟಿದರು. ತೂಬಿನಿಂದ ರಭಸವಾಗಿ ಚಿಮ್ಮುವ ನೀರು ಕೆಳಗಿನ ನೆಲವನ್ನು ಕೊರೆಯದಿರಲೆಂದು ಚಿಕ್ಕ ಮಾದರಿಗಳ ಮೇಲೆ ಪ್ರಯೋಗ ನಡೆಸಿದರು. ಓಡುವ ನೀರು ಒಮ್ಮೆಲೇ ಮೇಲೆದ್ದು, ತನ್ನಲ್ಲಿ ತಾನೇ ಹೊರಳಾಡಿ ರಭಸವನ್ನು ಕಳೆದುಕೊಳ್ಳುವಂತೆ ಕಾಂಕ್ರೀಟಿನ ಮೆಟ್ಟಿಲುಗಳನ್ನೂ ತೊಟ್ಟಿಗಳನ್ನೂ ರಚಿಸಿದರು.

ಇನ್ನೊಂದು ಅಪಾಯವನ್ನೂ ಮಾರ್ಗನ್ನರು ಮುಂಗಂಡಿದ್ದರು. ಅದು ನೀರಿನಿಂದ ಬರುವ ಅಪಾಯವಲ್ಲ, ಮನುಷ್ಯನ ಆಸೆಯಿಂದ ಬರುವಂತಹುದು. ಇಷ್ಟು ದೊಡ್ಡ ಕಟ್ಟೆ ಬರಿದಾಗಿ ನಿಂತಿರುವುದನ್ನು ಕಂಡಾಗ ಮುಂದಿನವರಿಗೆ ಅದರ ತೂಬನ್ನು ಮುಚ್ಚಿ ನೀರು ತುಂಬಿಸೋಣ, ವಿದ್ಯುತ್ತನ್ನು ಪಡೆಯೋಣ, ದೋಣಿವಿಹಾರಕ್ಕೆ ಸರೋವರ ಮಾಡೋಣ ಎನಿಸಬಹುದು. ಆದರೆ ತುಂಬಿದ ಕಟ್ಟೆಯಲ್ಲಿ ನೆರೆಗೆ ಜಾಗವಿರುವುದಿಲ್ಲ. ಅದಕ್ಕಾಗಿ ಪ್ರತಿಯೊಂದು ಕಟ್ಟೆಯಲ್ಲಿಯೂ ಒಂದು ಫಲಕವನ್ನು ನಿಲ್ಲಿಸಲಾಯಿತು. ಈ ಕಟ್ಟೆಗಳು ನೆರೆಯ ತಡೆಗಾಗಿ ಮಾತ್ರ ಇರುವುವೆಂದೂ, ವಿದ್ಯುದುತ್ಪಾದನೆಗೆ ಅಥವಾ ನೀರಿನ ಸಂಗ್ರಹಕ್ಕೆ ಬಳಸಿದರೆ ಕೆಳಗಿನ ನಗರಗಳಿಗೆ ಕೇಡಾಗುವುದೆಂದೂ ಅದು ಮುಂದಿನ ಪೀಳಿಗೆಗಳನ್ನು ಎಚ್ಚರಿಸುತ್ತದೆ.

1922ರಲ್ಲಿ ಕಟ್ಟೆಗಳು ಪೂರ್ಣಗೊಂಡವು. ಹಫ್‌ಮನ್ ಕಟ್ಟೆಯ ಹಿಂದಿನ ತಗ್ಗಿನಲ್ಲಿದ್ದ ಆಸ್ಬರ್ನ್ ಎಂಬ ಹಳ್ಳಿಯ ಜನ ತಮ್ಮ ಮನೆಗಳನ್ನು ಗಾಲಿಗಳ ಮೇಲೇರಿಸಿ ಎತ್ತರದ ಸ್ಥಳಕ್ಕೆ ಸಾಗಿಸಿಕೊಂಡು ಹೋಗಬೇಕಾಯಿತು. ನಗರದ ಸುರಕ್ಷತೆಗಾಗಿ ಆ ಹಳ್ಳಿಯವರು ತೆತ್ತ ಬೆಲೆ ಸಣ್ಣದಲ್ಲ. ಉಳಿದ ತಗ್ಗು ಭೂಮಿಯಲ್ಲಿ ಬೇಸಾಯ ಮುಂದುವರಿಯಿತು. ಆದರೆ ಅಲ್ಲಿ ವಾಸದ ಮನೆಗಳನ್ನು ಕಟ್ಟಕೂಡದೆಂಬ ನಿರ್ಬಂಧ ಉಳಿಯಿತು. ಅಂದಿನಿಂದ ಕಟ್ಟೆಗಳು ಎರಡು ಸಾವಿರಕ್ಕೂ ಹೆಚ್ಚು ಬಾರಿ ನೆರೆಯ ನೀರನ್ನು ತಡೆದು ನಿಲ್ಲಿಸಿವೆ. 1959ರ ಜನವರಿಯಲ್ಲಿ 1913ರ ತರುವಾಯದ ಅತಿ ದೊಡ್ಡ ನೆರೆ ಬಂದಾಗಲೂ ಡೇಟನ್ ನಗರ ಸುರಕ್ಷಿತವಾಗಿ ಉಳಿಯಿತು.

ಮಾರ್ಗನ್ನರ ಮುಂದಿನ ಜೀವನ ಬಹುಮುಖವಾದುದು. 1920ರಲ್ಲಿ ಅವರು ಆಂಟಿಯಾಕ್ ಕಾಲೇಜಿನ ಅಧ್ಯಕ್ಷರಾದರು. ತಮಗೆ ದೊರೆಯದ ಕಾಲೇಜು ಶಿಕ್ಷಣವನ್ನು ಇತರರಿಗೆ ಹೊಸ ರೀತಿಯಲ್ಲಿ ನೀಡಿದರು. ಅಲ್ಲಿನ ವಿದ್ಯಾರ್ಥಿಗಳು ಕೆಲಕಾಲ ತರಗತಿಯಲ್ಲಿ ಓದಿ, ಕೆಲಕಾಲ ಹೊರಗೆ ದುಡಿದು ಕಲಿಯುತ್ತಿದ್ದರು. 1933ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಅವರು ಟೆನೆಸಿ ಕಣಿವೆ ಪ್ರಾಧಿಕಾರದ ಮೊದಲ ಮುಖ್ಯಸ್ಥರನ್ನಾಗಿ ಅವರನ್ನು ನೇಮಿಸಿದರು. ಅಲ್ಲಿ ಸಹೋದ್ಯೋಗಿಗಳೊಡನೆ ತೀವ್ರವಾದ ಭಿನ್ನಾಭಿಪ್ರಾಯ ಉಂಟಾಯಿತು. ಅವರ ಮೇಲೆ ತಾವು ಹೊರಿಸಿದ ಆರೋಪಗಳಿಗೆ ಅಧ್ಯಕ್ಷರ ಮುಂದೆ ಸಮರ್ಥನೆ ನೀಡಲು ಒಪ್ಪದ ಕಾರಣ 1938ರಲ್ಲಿ ಮಾರ್ಗನ್ನರನ್ನು ಆ ಹುದ್ದೆಯಿಂದ ತೆಗೆದುಹಾಕಲಾಯಿತು. ನೀರಿನ ವಿಷಯದಲ್ಲಿ ಅಪಾರ ತಾಳ್ಮೆಯಿದ್ದ ಅವರಿಗೆ ಮನುಷ್ಯರೊಡನೆ ಅದೇ ತಾಳ್ಮೆ ಯಾವಾಗಲೂ ಸಾಧ್ಯವಾಗಲಿಲ್ಲ.

ಭಾರತದೊಡನೆಯೂ ಅವರಿಗೆ ಸಂಬಂಧವಿತ್ತು. ಟೆನೆಸಿ ಕಣಿವೆಯ ಮಾದರಿಯನ್ನು ಅನುಸರಿಸಿ 1948ರಲ್ಲಿ ಭಾರತದಲ್ಲಿ ದಾಮೋದರ ಕಣಿವೆ ನಿಗಮ ಸ್ಥಾಪನೆಯಾಯಿತು. ಅದೇ ವರ್ಷ ಡಾಕ್ಟರ್ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಮಾರ್ಗನ್ನರು ಸದಸ್ಯರಾಗಿ ಬಂದರು. ಹಳ್ಳಿಯ ಮಕ್ಕಳು ಹಳ್ಳಿಯ ಬದುಕಿಗೆ ಹೊಂದುವ ಉನ್ನತ ಶಿಕ್ಷಣವನ್ನು ಪಡೆಯಬೇಕೆಂಬ ಆಶಯದ ಗ್ರಾಮೀಣ ವಿಶ್ವವಿದ್ಯಾನಿಲಯಗಳ ಕಲ್ಪನೆ ಆ ಆಯೋಗದ ವರದಿಯಲ್ಲಿ ಮೂಡಿಬಂದಿತು.

ಕಟ್ಟೆಯ ಸುರಕ್ಷತೆ ಅದನ್ನು ಕಟ್ಟಿ ಮುಗಿಸಿದ ದಿನಕ್ಕೆ ಮುಗಿಯುವಂತಹುದಲ್ಲ. ಮಾರ್ಗನ್ನರ ಕಾಲದಲ್ಲಿ ಹೆಸರಾಗಿದ್ದ, ನೀರಿನಿಂದ ಮಣ್ಣನ್ನು ತುಂಬುವ ವಿಧಾನವನ್ನು ಎಂಜಿನಿಯರುಗಳು ಕ್ರಮೇಣ ಕೈಬಿಟ್ಟರು. 1938ರಲ್ಲಿ ಮೊಂಟಾನ ರಾಜ್ಯದ ಫೋರ್ಟ್ ಪೆಕ್ ಕಟ್ಟೆಯ ಒಂದು ಭಾಗ ಜಾರಿ ಎಂಟು ಜನ ಮಡಿದರು. 1971ರಲ್ಲಿ ಕ್ಯಾಲಿಫೋರ್ನಿಯದ ಕೆಳ ಸ್ಯಾನ್ ಫರ್ನಾಂಡೊ ಕಟ್ಟೆ ಭೂಕಂಪದಿಂದ ಕುಸಿದು, ಒಡೆಯುವ ಅಂಚಿಗೆ ಬಂದಿತು. ಹಳೆಯ ಕಟ್ಟೆ ಎಷ್ಟೇ ಚೆನ್ನಾಗಿ ನಿಂತಿದ್ದರೂ ಹೊಸ ಜ್ಞಾನದ ಬೆಳಕಿನಲ್ಲಿ ಅದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂಬುದು ಇದರಿಂದ ತಿಳಿದುಬರುತ್ತದೆ. ಏರಿಯ ಮೇಲೆ ಮರ ಬೆಳೆದರೆ ಬೇರು ಸತ್ತ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಬಿಲ ತೋಡುವ ಪ್ರಾಣಿಗಳು ಮಣ್ಣನ್ನು ಟೊಳ್ಳುಮಾಡುತ್ತವೆ. ತೂಬಿನ ಬಾಯಿಗೆ ಮರದ ದಿಮ್ಮಿಗಳು ಸಿಕ್ಕಿಕೊಂಡರೆ ನೀರಿಗೆ ತಡೆಯಾಗುತ್ತದೆ. ಏರಿಯ ಕೆಳಗಡೆ ಜಿನುಗುವ ನೀರು ತಿಳಿಯಾಗಿದ್ದರೆ ಭಯ ಕಡಿಮೆ. ಅದು ಕದಡಿದ್ದರೆ ಒಳಗಿನ ಮಣ್ಣು ಹೊರಟಿದೆ ಎಂದೇ ಅರ್ಥ. ಬಾಗಿಲಿಲ್ಲದ ತೂಬು ಕಾವಲುಗಾರನಿಲ್ಲದೆ ಕೆಲಸ ಮಾಡಬಲ್ಲದು. ಆದರೆ ಏರಿಯನ್ನು ನೋಡಿಕೊಳ್ಳುವ ಜನರಿಲ್ಲದೆ ಯಾವ ಕಟ್ಟೆಯೂ ಬಹುಕಾಲ ಬಾಳಲಾರದು. ಆದುದರಿಂದಲೇ ಆ ಕಣಿವೆಯ ಸಂಸ್ಥೆ ಕಟ್ಟೆಗಳು ಮುಗಿದ ಮೇಲೂ ವಿಸರ್ಜನೆಯಾಗದೆ, ಅವುಗಳ ಪಾಲನೆಗಾಗಿ ಉಳಿದುಕೊಂಡಿತು.

ಆರ್ಥರ್ ಮಾರ್ಗನ್ನರು 1975ನೆಯ ಇಸವಿ ನವೆಂಬರ್ 16ರಂದು ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ತುಂಬಿದ ಜಲಾಶಯವನ್ನು ಕಟ್ಟಿದವನ ಕೀರ್ತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಬಾರದೆ ಹೋದ ವಿಪತ್ತನ್ನು ಯಾರೂ ಕಾಣರು. ಅದನ್ನು ತಡೆದವನನ್ನು ನೆನೆಯುವವರೂ ಕಡಿಮೆ. ಕಣಿವೆಯ ನಗರಗಳ ಬೀದಿಗಳಲ್ಲಿ ಮಕ್ಕಳು ನಿಶ್ಚಿಂತೆಯಿಂದ ಶಾಲೆಗೆ ಹೋಗುವ ಮಳೆಗಾಲದ ಪ್ರತಿಯೊಂದು ಬೆಳಗ್ಗೆಯಲ್ಲಿಯೂ, ಮೇಲಿನ ಕಣಿವೆಯಲ್ಲಿ ಹುಲ್ಲು ಹೊದ್ದು ಬರಿದಾಗಿ ನಿಂತಿರುವ ಆ ಐದು ಮಣ್ಣಿನ ಏರಿಗಳ ಸೇವೆ ಅಡಗಿದೆ.